ಮೂಗು ಹಿಡಿದು ಪಡೆದ ರಜೆ

ಆಸ್ಪತ್ರೆಯ ಲಿಫ್ಟ್ ನಡೆಸುತ್ತಿದ್ದ ಲಿಫ್ಟಪ್ಪ ಮೂಗು ಹಿಡಿದುಕೊಂಡು ಮೇಲ್ವಿಚಾರಕರಿಗೆ ಫೋನ್ ಮಾಡಿ, "ವಾಸನೇನೇ ಬರ್ತಿಲ್ಲ ಸರ್" ಎಂದಿದ್ದ. ಅಷ್ಟಕ್ಕೇ ಎರಡು ವಾರ ಸಂಬಳದ ರಜೆ ಸಿಕ್ಕಿತ್ತು. ಕೊರೊನಾ ಕಾಲದಲ್ಲಿ ಹತ್ತಿರ ಬಂದು ಪ್ರಶ್ನೆ ಕೇಳುವ ಧೈರ್ಯ ಯಾರಿಗಿತ್ತು? ಪುಣ್ಯಾತ್ಮ ಮೂರು ಹೊತ್ತೂ ತಿಂದು, ಕಾಲು ಚಾಚಿ ಮಲಗಿ, ಮೈ ತುಂಬಿಕೊಂಡು ಮರಳಿದ್ದ.

ತಿಂಗಳುಗಳು ಕಳೆದ ಮೇಲೆ, ಇವತ್ತು ಬೆಳಿಗ್ಗೆ ಮೇಲ್ವಿಚಾರಕರು ಬಾಂಬ್ ಹಾಕಿದರು.

"ಎಲ್ಲರ ರಕ್ತ ಪರೀಕ್ಷೆ! ಕೊರೊನಾ ಬಂದು ಹೋದವರ ರಕ್ತದಲ್ಲಿ ಆಂಟಿಬಾಡಿ ಇರುತ್ತೆ. ಸಂಜೆಗೆ ಫಲಿತಾಂಶ. ಸುಳ್ಳು ಹೇಳಿ ರಜೆ ಹೊಡೆದೋರು ನಾಳೆಯಿಂದ ಮನೇಲೇ ಇರಿ!"

ಆ ಗಾಬರಿಯಲ್ಲಿ ಲಿಫ್ಟಪ್ಪ ಹೆರಿಗೆ ವಾರ್ಡಿಗೆ ಮೊಮ್ಮಗುವನ್ನು ನೋಡಲು ಹೊರಟಿದ್ದ ಅಜ್ಜಿಯನ್ನು ಶವಾಗಾರದ ಬಾಗಿಲಲ್ಲಿ ಇಳಿಸಿ ಬೈಸಿಕೊಂಡ.

"ನಿನಗ್ಯಾಕಪ್ಪಾ ಚಿಂತೆ? ಮಲಗೆದ್ದೋನು ನೀನು. ನಿನ್ನ ರಕ್ತದಲ್ಲಿ ಕೊಡಗಟ್ಟಲೆ ಇರುತ್ತೆ," ಎಂದು ಕಸ ಗುಡಿಸುವ ಆಯಮ್ಮ ಸಮಾಧಾನ ಹೇಳಿದಳು. ಅವನು ಇನ್ನಷ್ಟು ಬೆವರಿದ.

ಪರೀಕ್ಷೆಯ ಕೋಣೆಯಲ್ಲಿ ಪಕ್ಕದ ಕುರ್ಚಿಗೆ ಆಂಬುಲೆನ್ಸ್ ಡ್ರೈವರ್ ಬಂದ. ಅವನಿಗೆ ಕೊರೊನಾ ನಿಜಕ್ಕೂ ಬಂದಿತ್ತು. ಇದೇ ಆಸ್ಪತ್ರೆಯಲ್ಲಿ ಸಾವಿನ ದವಡೆಯಿಂದ ಪಾರಾಗಿದ್ದ. "ನನ್ನ ರಕ್ತ ನೋಡಿ ಮಿಷನ್ನೇ ಬೆಚ್ಚಿ ಬೀಳುತ್ತೆ!" ಎಂದು ಮೀಸೆ ತಿರುವಿದವನು, ಸೂಜಿ ಕಂಡೊಡನೆ ಕಣ್ಣು ಮುಚ್ಚಿಕೊಂಡ.

ಇಬ್ಬರ ರಕ್ತದ ಕೊಳವೆಗಳೂ ಮೇಜಿನ ಮೇಲೆ ಅಕ್ಕಪಕ್ಕ ಕೂತವು. ನರ್ಸಮ್ಮ ಹತ್ತಿ ತರಲು ಅತ್ತ ತಿರುಗಿದಳು. ಡ್ರೈವರ್ ಇನ್ನೂ ಕಣ್ಣು ತೆರೆದಿರಲಿಲ್ಲ. ಲಿಫ್ಟಪ್ಪ ಎರಡು ಕೊಳವೆಗಳ ಹೆಸರಿನ ಚೀಟಿಗಳನ್ನೂ ಕಿತ್ತು ಅದಲು ಬದಲು ಅಂಟಿಸಿಬಿಟ್ಟ. ಡ್ರೈವರ್‌ಗೇನೂ ನಷ್ಟವಿಲ್ಲ, ಅವನ ಕಾಯಿಲೆಗೆ ಇಡೀ ವಾರ್ಡೇ ಸಾಕ್ಷಿಯಿದೆ ಎಂದು ಮನಸ್ಸಿಗೆ ತಾನೇ ಬುದ್ಧಿ ಹೇಳಿಕೊಂಡ.

ಸಂಜೆ ಮೇಲ್ವಿಚಾರಕರು ಇಬ್ಬರನ್ನೂ ಕರೆದಾಗ ಲಿಫ್ಟಪ್ಪ ಎದೆಯುಬ್ಬಿಸಿಕೊಂಡೇ ಹೋದ.

"ಡ್ರೈವರ್, ನಿನ್ನ ರಕ್ತದಲ್ಲಿ ಆಂಟಿಬಾಡಿ ಭರ್ಜರಿಯಾಗಿದೆ."

"ಹೌದಾ ಸರ್? ಇಷ್ಟೊತ್ತಿಗೆ ಎಲ್ಲ ಕರಗಿ ಹೋಗಿರುತ್ತೆ ಅಂತ ಮಧ್ಯಾಹ್ನ ವಾರ್ಡಿನ ಡಾಕ್ಟ್ರಮ್ಮ ಅಂದಿದ್ರು!"

"ಲಿಫ್ಟಪ್ಪಾ, ನಿನ್ನದರಲ್ಲಿ ಒಂದು ತೊಟ್ಟೂ ಇಲ್ಲ."

ಲಿಫ್ಟಪ್ಪನಿಗೆ ಆಗ ಲೆಕ್ಕ ಹೊಳೆಯಿತು. ಡ್ರೈವರನದು ಡಾಕ್ಟ್ರಮ್ಮ ಹೇಳಿದಂತೆ ಕರಗಿಯೇ ಹೋಗಿತ್ತು. ಭರ್ಜರಿಯಾಗಿದ್ದದ್ದು ತನ್ನ ರಕ್ತ! ಹಾಳು ಕಾಯಿಲೆ ಯಾವಾಗಲೋ ಒಂದು ಕೆಮ್ಮೂ ಇಲ್ಲದೆ ಬಂದು ಹೋಗಿತ್ತು.

"ಸರ್, ನನ್ನ ರಕ್ತ ಇನ್ನೊಂದ್ಸಲ ತಗೊಳ್ಳಿ! ಅದರಲ್ಲಿ ಇದೆ, ನನಗೆ ಚೆನ್ನಾಗಿ ಗೊತ್ತು!"

"ನಿನಗೆ ಹೇಗಯ್ಯಾ ಗೊತ್ತು?"

ಲಿಫ್ಟಪ್ಪ ಕೈಯನ್ನು ಮೆಲ್ಲಗೆ ಜೇಬಿಗೆ ತೂರಿಸಿದ. ಚೀಟಿಯ ಅಂಟು ಬೆರಳಿನಿಂದ ಇನ್ನೂ ಹೋಗಿರಲಿಲ್ಲ.