ನಡುನೀರಿನಲ್ಲಿ ಎದ್ದು ನಿಲ್ಲುವ ಮರ್ಯಾದೆ

ಹಿರಿಯರು ಬಂದಾಗ ಎದ್ದು ನಿಲ್ಲುವುದನ್ನು ನಾವು ಸವದತ್ತಿಯವರು ಯಾರಿಂದಲೂ ಕಲಿತದ್ದಲ್ಲ. ಅದು ಮೊಣಕಾಲು ತಾನಾಗಿಯೇ ಮಾಡುವ ಕೆಲಸ. ಬಸ್ಸಿನಲ್ಲಾಗಲಿ, ಕಟ್ಟೆಯ ಮೇಲಾಗಲಿ ಇದರಿಂದ ಯಾರಿಗೂ ಅಪಾಯವಿಲ್ಲ. ದೋಣಿಯಲ್ಲಿ ಇದೆ ಎಂಬುದು ಹೋದ ವರ್ಷ ಮಲಪ್ರಭೆಯ ಹಿನ್ನೀರಿನಲ್ಲಿ ತಿಳಿಯಿತು. ನಾನು, ಹೆಂಡತಿ ಸುವರ್ಣಾ, ಅವಳ ಇಬ್ಬರು ತಮ್ಮಂದಿರು, ಚಚಡಿಯಿಂದ ಬಂದಿದ್ದ ಅವರ ತಂದೆ, ಅಂದರೆ ನನ್ನ ಮಾವ, ಇಷ್ಟು ಜನ ಕುಳಿತಿದ್ದೆವು. ನಡುನೀರಿನಲ್ಲಿ ಮಾವ ಬಿಸಿಲು ಹೆಚ್ಚಾಯಿತೆಂದು ಎದ್ದರು. ತಕ್ಷಣ ನಾವೆಲ್ಲ ಎದ್ದು, ತಂತಮ್ಮ ಜಾಗ ತೋರಿಸುತ್ತ, "ಇಲ್ಲೆ ಬರ್ರಿ, ಇಲ್ಲೆ ಕುಂದರ್ರಿ" ಎಂದೆವು. ದೋಣಿ ವಾಲಿತು. ಅಂಚು ದಾಟಿದ ನೀರು ನನ್ನ ಪಾದದ ಮೇಲೆ ತಣ್ಣಗೆ ಹರಿಯಿತು. ಸುವರ್ಣಾ ಹಿಡಿದ ರಭಸಕ್ಕೆ ನನ್ನ ಅಂಗಿಯ ಗುಂಡಿ ಕಿತ್ತು ಬಂತು.

"ಕುಂದರ್ರಿ ಎಲ್ಲಾರೂ," ದೋಣಿ ನಡೆಸುತ್ತಿದ್ದ ಮೌಲಾಸಾಬರು ಗದರಿದರು. "ಮರ್ಯಾದಿ ದಂಡಿಗೆ ಹೋಗಿ ಕೊಡ್ರಿ."

ಯಾರೂ ಮುಳುಗಲಿಲ್ಲ. ಆದರೆ ಈಗಲೂ ತಟ್ಟೆಯ ಅಂಚಿಗೆ ಸಾರು ಹರಿದರೆ ನನ್ನ ಕೈ ಸುವರ್ಣಾಳ ಸೆರಗು ಹುಡುಕುತ್ತದೆ. ಪದವೀಧರನಾದವನು ಜೀವನಪೂರ್ತಿ ಸಾರಿಗೆ ಹೆದರುವುದು ಸರಿಯಲ್ಲವೆಂದು ಒಂದು ನಿಶ್ಚಯ ಮಾಡಿದೆ. ಕಾರವಾರಕ್ಕೆ ಹೋಗಿ, ಅಲ್ಲಿನ ಕೊಲ್ಲಿಯ ನಡುಗಡ್ಡೆಗಳನ್ನು ದೋಣಿಯಲ್ಲಿ ಸುತ್ತಿ ಬರುವುದು. ಧ್ಯಾನ ಶಿಬಿರದಲ್ಲಿ ಕಲಿತಂತೆ ಉಸಿರನ್ನು ಗಮನಿಸುತ್ತ, ಮೌನವಾಗಿ. ಬುತ್ತಿ ಬಿಚ್ಚುವ ತನಕ ಮಾತ್ರ ಆ ಮೌನ ಎಂದು ಸುವರ್ಣಾ ನಕ್ಕಳು. ಆದರೆ ಅವಳ ಕರಾರು ನಗುವಂಥದ್ದಲ್ಲ. "ಮೊದಲ ಮನ್ಯಾಗ ಏಳದಂಗ ಕುಂತು ತೋರಸ್ರಿ. ಇಲ್ಲಂದ್ರ ನಾ ಬರೂದಿಲ್ಲ, ನಿಮ್ಮನ್ನೂ ಬಿಡೂದಿಲ್ಲ."

ಭಾನುವಾರ ಪಡಸಾಲೆಯಲ್ಲಿ ಜಮಖಾನೆ ಹಾಸಿದೆ. ಅದೇ ದೋಣಿ. ಸುವರ್ಣಾ, ತಮ್ಮಂದಿರು, ನಾನು ಕಣ್ಣು ಮುಚ್ಚಿ ಕುಳಿತೆವು. ಯಾರೇ ಬರಲಿ, ಏಳುವಂತಿಲ್ಲ ಎಂದು ಅಪ್ಪಣೆ ಕೊಟ್ಟವನು ನಾನೇ. ಉಸಿರು ಹದಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಬಾಗಿಲ ಚಿಲಕದ ಸಪ್ಪಳ, ಹಿಂದೆಯೇ ಮಾವನವರ ಕೆಮ್ಮು. ಜಮಖಾನೆ ಅಲುಗಲಿಲ್ಲ. ಹೆತ್ತ ತಂದೆಗೂ ಮಕ್ಕಳು ಏಳಲಿಲ್ಲವಲ್ಲ ಎಂದು ಹೆಮ್ಮೆಯಿಂದ ಕಣ್ಣು ತೆರೆದೆ. ಎಲ್ಲರೂ ಕೆಳಗಿದ್ದರು. ಕೈಮುಗಿದು ನಿಂತವನು ನಾನೊಬ್ಬನೇ.

"ಮುಳುಗಿದ್ವಿ," ಎಂದಳು ಸುವರ್ಣಾ.

ಸಂಗತಿ ಕೇಳಿದ ಮಾವ, "ಈ ಮನ್ಯಾಗ ಅಳಿಯಾರಿಗೆ ಒಬ್ಬರಿಗೇ ರೀತಿ ಗೊತ್ತೈತಿ. ನಾನೂ ಕಾರವಾರಕ್ಕ ಬರತೇನಿ," ಎಂದು ನನ್ನ ಜಾಗದಲ್ಲೇ ಕುಳಿತರು.

ಪ್ರಯಾಣ ರದ್ದಾಗಿಲ್ಲ, ನಾನು ಬಿಡುವವನೂ ಅಲ್ಲ. ನಾನು ಏಳಲಾಗದಂತೆ ಬುತ್ತಿಯ ಗಂಟುಗಳನ್ನೆಲ್ಲ ನನ್ನ ತೊಡೆಯ ಮೇಲೆಯೇ ಹೇರುವುದಾದರೆ ಬರುತ್ತೇನೆಂದು ಸುವರ್ಣಾ ಕರಾರು ಬದಲಿಸಿದ್ದಾಳೆ. ಅದರ ಅಭ್ಯಾಸಕ್ಕೆಂದು ದಿನವೂ ಜೋಳದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಉಸಿರು ಗಮನಿಸುತ್ತೇನೆ. ಚಿಲಕದ ಸಪ್ಪಳವಾದಾಗ ಮಾತ್ರ ಚೀಲವೂ ನನ್ನ ಜೊತೆ ಅರ್ಧ ಏಳುತ್ತದೆ.