ಕಾಕಾನಿಗೆ ಫ್ರೇಮ್ ಹಾಕಿಸಿದ್ದು

ಅಣ್ಣಿಗೇರಿಯಲ್ಲಿ ನಾನು ಅನುಕರಿಸದ ದನಿ ಉಳಿದಿಲ್ಲ. ಬಸ್ ಕಂಡಕ್ಟರು, ಸೊಸೈಟಿ ಅಧ್ಯಕ್ಷರು, ನೆಗಡಿಯಾದ ನಮ್ಮ ಎಮ್ಮೆ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಇಂಥ ಪ್ರತಿಭಾವಂತನಿಗೆ ಒಂದು ಚಿತ್ರಕ್ಕೆ ಫ್ರೇಮ್ ಹಾಕಿಸಿ ತರುವುದು ಯಾವ ಮಹಾ ಕೆಲಸ!

ಚಿತ್ರ ಶಂಕ್ರಪ್ಪ ಕಾಕಾನದು. ಹೃದಯದ ಆಪರೇಷನ್ ಆಗಿ ಬದುಕಿ ಬಂದ ಕಾಕಾನಿಗೆ ಅರವತ್ತು ತುಂಬುತ್ತಿತ್ತು. ಆ ದಿನ ಎಲ್ಲರೆದುರು ಕೊಡಲೆಂದು ಹುಬ್ಬಳ್ಳಿಯ ಕಲಾವಿದರೊಬ್ಬರಿಂದ ಗುಟ್ಟಾಗಿ ಬರೆಸಿದ್ದೆವು. ಕಾಕಾ ಮೊದಲೇ ಶಕುನದ ಮನುಷ್ಯ. ಯಾರಾದರೂ ಸೀನಿದರೆ ಹೊರಟವರು ಚಪ್ಪಲಿ ಬಿಚ್ಚಿ ಮತ್ತೆ ಕೂರುವವರು. ಅವರ ಹೆಂಡತಿ, ನಮ್ಮ ಕಾಕು, ನನ್ನ ಕೈ ಹಿಡಿದು, “ಅವರ ಮನಸ್ಸಿಗೆ ಹತ್ತೂವಂಥಾದ್ದು ಏನೂ ಆಗಬಾರದಪಾ, ಡಾಕ್ಟರ್ ಹೇಳ್ಯಾರ,” ಅಂದಿದ್ದರು.

ಕಲಾವಿದರ ಗ್ಯಾಲರಿ ಮಹಡಿಯ ಮೇಲೆ, ಕೆಳಗೆ ಬಾಬಾಜಾನ್ ಚಾಚಾ ಅವರ ಫ್ರೇಮಿನ ಅಂಗಡಿ. ಚಿತ್ರದಲ್ಲಿರುವವರು ಯಾರೆಂದು ಚಾಚಾ ಕೇಳಿದ್ದೇ ತಡ, ನನ್ನೊಳಗಿನ ನಟ ಎದ್ದು ನಿಂತ. ಆಪರೇಷನ್ ಕೋಣೆಗೆ ಒಯ್ಯುವಾಗ ಕಾಕಾ ಸ್ಟ್ರೆಚರ್ ಮೇಲಿಂದ ಹೇಳಿದ ಮಾತನ್ನು ಅವರದೇ ದನಿಯಲ್ಲಿ ನಡುಗುತ್ತ ಹೇಳಿದೆ: “ನಾ ಹೋದ ಮ್ಯಾಲ ಎಮ್ಮಿ ಮಾರಬ್ಯಾಡ್ರಿ.”

ಚಾಚಾ ಕಣ್ಣೊರೆಸಿಕೊಂಡರು. ಅದನ್ನು ನಾನು ಪ್ರಶಸ್ತಿಯೆಂದು ಸವಿನಯ ಸ್ವೀಕರಿಸಿದೆ. ಕಾಕಾ ಬದುಕಿ ಬಂದರೆಂಬ ಮುಕ್ತಾಯ ಹೇಳುವ ಮೊದಲೇ ಬಸ್ಸಿನ ವೇಳೆಯಾಯಿತು. ಓಡಿದೆ!

ಸಮಾರಂಭದ ಬೆಳಿಗ್ಗೆ, ಪೇಪರು ಸುತ್ತಿದ ಫ್ರೇಮು ಕೊಡುವಾಗ ಚಾಚಾ ನನ್ನ ಬೆನ್ನು ಸವರಿದರು. ಆಗಲೂ ಬುದ್ಧಿ ಹೊಳೆಯಲಿಲ್ಲ.

ಮನೆಗೆ ಬಂದು ಕೋಣೆಯಲ್ಲಿ ಪೇಪರಿನ ಮೂಲೆ ಹರಿದೆ. ಗಂಧದ ಹಾರ! ಇನ್ನಷ್ಟು ಹರಿದೆ. ಗಾಜಿನ ಒಳಗೆ, ಕಾಕಾನ ಹಣೆಯ ಮೇಲೆ ಕುಂಕುಮ. ಕೆಳಗೆ ಪುಟ್ಟ ಕೆಂಪು ಬಲ್ಬು, ವೈರು ಸಮೇತ! ಹಾರಕ್ಕೆ ಮೊಳೆ ಹೊಡೆದಿದ್ದರು. ಎಳೆದೆ, ಉಗುರು ಕಿತ್ತುಬಂತು, ಹಾರ ಬರಲಿಲ್ಲ. ಹೊರಗೆ ಜನ ತುಂಬಿದ್ದರು. ಕಾಕು ಬಾಗಿಲು ಬಡಿಯುತ್ತಿದ್ದರು. ನನ್ನ ಅಂಗೈ ಬೆವರಿ ಗಾಜು ಜಾರುತ್ತಿತ್ತು.

ಆಗ ಹೊಳೆಯಿತು. ಚಿತ್ರವನ್ನು ತಿದ್ದಲಾಗದಿದ್ದರೆ ಕಾಕಾನನ್ನೇ ತಿದ್ದಬೇಕು!

ವೈರನ್ನು ಫ್ರೇಮಿನ ಹಿಂದೆ ತುರುಕಿ ಹೊರಗೆ ಓಡಿದೆ. ಕಾಕಾನ ಹಣೆಗೆ ದೊಡ್ಡ ಕುಂಕುಮ ಇಟ್ಟೆ, ಕೊರಳಿಗೆ ಹಾರ ಹಾಕಿದೆ. ಆಮೇಲೆ ಚಿತ್ರ ತಂದು ಗೋಡೆಗೆ ಹಾಕಿದೆ. ಇಬ್ಬರೂ ತದ್ರೂಪ! ಜನ ಚಪ್ಪಾಳೆ ತಟ್ಟಿದರು. ಕಾಕಾ ಅಗದಿ ತಮ್ಮಂಗ ಐತಿ ಎಂದು ಹಿಗ್ಗಿದರು. ನಾನು ಉಸಿರು ಬಿಟ್ಟೆ.

ಅಷ್ಟರಲ್ಲಿ ಬಾಜೂ ಮನೆಯ ಬಸಣ್ಣನ ಕಣ್ಣಿಗೆ ಜೋತುಬಿದ್ದ ವೈರು ಕಂಡಿತು. ಪರೋಪಕಾರಿ. ಪ್ಲಗ್ಗಿಗೆ ಚುಚ್ಚಿಯೇಬಿಟ್ಟ.

ಬಲ್ಬು ಹತ್ತಿತು. ಚಪ್ಪಾಳೆ ನಿಂತಿತು. ಅಂಥ ಬಲ್ಬು ಯಾರ ಫೋಟೋದ ಕೆಳಗೆ ಉರಿಯುತ್ತದೆಂದು ಎಲ್ಲರಿಗೂ ಗೊತ್ತು. ಕಾಕು ಬಾಯಿಗೆ ಸೆರಗು ಒತ್ತಿಕೊಂಡರು. ಕಾಕಾನ ಕೈ ಮೆಲ್ಲಗೆ ಎದೆಗೆ ಹೋಯಿತು. ನನ್ನ ಎದೆಬಡಿತ ನಿಂತೇಹೋಗಿತ್ತು. ಕಾಕಾ ಬಹಳ ಹೊತ್ತು ಬಲ್ಬನ್ನೇ ನೋಡಿ, ನನ್ನ ಕಡೆ ತಿರುಗಿದರು.

“ಲೇ, ಎಮ್ಮಿ ಮಾರೀರೇನು?”

ಮೊದಲು ನಕ್ಕವರು ಕಾಕು. ನಗುತ್ತಲೇ ಅತ್ತರು.

ತಮ್ಮ ಚಿತ್ರದ ಕೆಳಗೇ ಬಲ್ಬು ಹತ್ತಿದ್ದನ್ನು ಕಂಡ ಕಾಕಾ ಈಗ ಯಾರು ಸೀನಿದರೂ ಕೂರುವುದಿಲ್ಲ. ಮುಂದಿನ ವಾರ ತಾವೇ ಹುಬ್ಬಳ್ಳಿಗೆ ಹೋಗಿ, ಜೀವಂತ ಇದ್ದೇನೆಂದು ಚಾಚಾಗೆ ತೋರಿಸಿ ಬಂದರು. ಕಂಕುಳಲ್ಲಿ ಒಂದು ಫ್ರೇಮು. ಪೇಪರು ಹರಿದರೆ, ನಾನು! ಹಾರ, ಕುಂಕುಮ ಸಮೇತ. ಅಂಗಡಿಯಲ್ಲಿ ನನ್ನ ದನಿಯನ್ನೇ ಅನುಕರಿಸಿ ಮಾತಾಡಿ ತೋರಿಸಿದರಂತೆ.

ಆಸೆಯಿಂದ ಕೇಳಿದೆ: “ಚಾಚಾ ಅತ್ತರೇನ್ರಿ?”

“ಇಲ್ಲಪಾ. ಖುಷೀಲೆ ಇನ್ನೊಂದು ಬಲ್ಬ್ ಹಾಕಿದ್ರು.”