ಮೂವತ್ತಕ್ಕೆ ಇಳಿದ ಹಡಗು

ದರ್ಜಿ ಅವತ್ತು ಬೆಳಗ್ಗೆ ಫೋನನ್ನು ಡ್ರಾಯರಿಗೆ ಹಾಕಿ ಸುಮ್ಮನೆ ಮಿಷನ್ನು ತುಳಿದುಕೊಂಡಿದ್ದಿದ್ದರೆ ಸಲಹೆ ಸಾಹೇಬರ ಪ್ಯಾಂಟು ಮೊಣಕಾಲಿನ ಕೆಳಗೇ ನಿಂತುಬಿಡುತ್ತಿರಲಿಲ್ಲ. ಬೀದಿಗೆ ಬೀದಿಯೇ ಎದ್ದು ಅವನ ಬೆನ್ನು ಹತ್ತುತ್ತಲೂ ಇರಲಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಇಷ್ಟೇ ದರ್ಜಿಯ ಪ್ರಪಂಚ. ಮದುವೆಯಾಗಿ ಬಂದ ದಿನದಿಂದ ಹೆಂಡತಿ ಆ ಪರದೆಯ ಹಿಂದೆ ಗುಂಡಿ ಹೊಲಿದಿದ್ದಾಳೆ, ಅಂಚು ಮಡಿಸಿದ್ದಾಳೆ. ಅಂಗಡಿ ಮುಚ್ಚಿದೆಯೆಂದು ಯಾರೂ ವಾಪಸು ಹೋದದ್ದಿಲ್ಲ. ಹಿಂದಿನಿಂದ ಬಂದು ಅಡುಗೆಮನೆ ಬಾಗಿಲು ತಟ್ಟುತ್ತಾರೆ. ಒಬ್ಬರಿಗೆ ಜಿಪ್ಪು ಕಿತ್ತಿರುತ್ತದೆ, ಇನ್ನೊಬ್ಬರಿಗೆ ಹೊಟ್ಟೆ ಬಂದು ಕೋಟು ಹಿಡಿಯುತ್ತಿರುತ್ತದೆ. ಕೆಲವರಿಗೆ ಕೆಲಸವೇ ಇರುವುದಿಲ್ಲ, ಸುಮ್ಮನೆ ಮಾತಿಗೆ ಬಂದಿರುತ್ತಾರೆ. ಅವಳು ಗಂಡನನ್ನು ಒಡವೆ ಕೇಳಲಿಲ್ಲ, ದೊಡ್ಡ ಮನೆ ಕೇಳಲಿಲ್ಲ.

"ಏಳು ದಿನ ಗುರುತಿನವರ ಮುಖ ಕಾಣಬಾರದು ರೀ. ಯಾರೂ ಬಾಗಿಲು ತಟ್ಟಬಾರದು. ನಂಗೆ ಇನ್ನೇನೂ ಬೇಡ" ಎಂದಿದ್ದಳು.

ಗುರುತಿನವರು ಬಂದು ತಟ್ಟಲಾಗದ ಬಾಗಿಲು ನಡುಸಮುದ್ರದಲ್ಲಿ ಮಾತ್ರ ಸಿಕ್ಕೀತು ಎಂದು ದರ್ಜಿ ಯೋಚಿಸಿ, ಏಳು ದಿನದ ಕ್ರೂಸ್ ಒಂದರಲ್ಲಿ ಇಬ್ಬರಿಗೆ ಕ್ಯಾಬಿನ್ ಬುಕ್ ಮಾಡಿದ. ಹತ್ತಿಪ್ಪತ್ತು ಅಂತಸ್ತಿನ, ಈಜುಕೊಳವೆಲ್ಲ ಇರುವ ಹಡಗು. ತಲೆಗೆ ನಲವತ್ತು ಸಾವಿರ. ವಿಷಯ ಬೀದಿಯಲ್ಲಿ ಒಂದು ಪಿಳ್ಳೆಗೂ ಗೊತ್ತಾಗಕೂಡದು ಎಂದು ಹೆಂಡತಿ ಆಣೆ ಹಾಕಿಸಿಕೊಂಡಳು. ಹೊರಡುವ ದಿನ ಅಂಗಡಿಗೆ 'ಮಿಷನ್ನು ರಿಪೇರಿ' ಎಂದು ಬೋರ್ಡು ತೂಗುಹಾಕುವುದೆಂದೂ ತೀರ್ಮಾನವಾಗಿತ್ತು.

ಎಲ್ಲಾ ಸರಿಯಾಗಿತ್ತು. ಅವತ್ತು ಬೆಳಗ್ಗೆ ಹಡಗಿನ ಕಂಪನಿಯಿಂದ ಒಂದು ಸಂದೇಶ ಬಂತು. ಬಾಕಿ ಹಣ ಕಟ್ಟಲು ಇವತ್ತು ಸಂಜೆಯೇ ಕೊನೆ, ಅಷ್ಟರೊಳಗೆ ದರ ಇಳಿದಿದ್ದರೆ ಕೇಳಿದವರಿಗೆ ಇಳಿದ ದರವೇ ಸಿಗುತ್ತದೆ, ಕೇಳದವರಿಗೆ ಇಲ್ಲ. ಸಂದೇಶ ಓದಿದ ಗಂಡನ ಮುಖ ನೋಡಿಯೇ ಹೆಂಡತಿಗೆ ಅರ್ಥವಾಯಿತು. ಅವಳು ಪ್ರಯಾಣಕ್ಕೆ ಚಪ್ಪಲಿ ಕೊಳ್ಳಲು ಪೇಟೆಗೆ ಹೊರಟು ನಿಂತಿದ್ದಳು.

"ಅದು ಏರಲಿ, ಇಳೀಲಿ, ನೀವು ನೋಡೋಕೆ ಹೋಗ್ಬೇಡಿ. ಇದ್ದಿದ್ದು ಇದ್ದ ಹಾಗೆ ಕಟ್ಟಿಬಿಡಿ."

"ನಾನ್ಯಾಕೆ ನೋಡ್ಲಿ" ಎಂದ ದರ್ಜಿ, ಅವಳು ಬೀದಿಯ ತಿರುವು ದಾಟುವುದರೊಳಗೆ ಫೋನು ತೆಗೆದ.

ನಲವತ್ತೇ ಇತ್ತು. ಒಂದು ಹೊಲಿಗೆ ಹಾಕಿ ಮತ್ತೆ ನೋಡಿದ. ನಲವತ್ತೇ. ಮೂವತ್ತಕ್ಕೆ ಇಳಿದರೆ ಎಷ್ಟು ಚೆನ್ನ ಎಂದುಕೊಂಡ. ಎದುರಿಗೆ ಸಲಹೆ ಸಾಹೇಬರ ಪ್ಯಾಂಟಿನ ಬಟ್ಟೆ ಹಾಸಿತ್ತು, ಕೈಯಲ್ಲಿ ಸೀಮೆಸುಣ್ಣವಿತ್ತು. ಯೋಚನೆಯ ಭರದಲ್ಲಿ ಬಟ್ಟೆಯ ಮೇಲೆಯೇ 'ಮೂವತ್ತು' ಎಂದು ಬರೆದ. ಸ್ವಲ್ಪ ಹೊತ್ತಿನ ಮೇಲೆ ಕತ್ತರಿ ಹಿಡಿದವನಿಗೆ ಬಟ್ಟೆಯ ಮೇಲೆ ಮೂವತ್ತು ಕಂಡಿತು. ತಾನೇ ಬರೆದದ್ದಲ್ಲವೇ ಎಂದು ಮೂವತ್ತು ಇಂಚಿಗೇ ಕತ್ತರಿಸಿ, ಹೊಲಿದು, ಇಸ್ತ್ರಿಯನ್ನೂ ಮಾಡಿಟ್ಟ.

ಸಲಹೆ ಸಾಹೇಬರು ನಿವೃತ್ತರಾದ ಮೇಲೆ ಬೀದಿಯಲ್ಲಿ ಅವರ ಸಲಹೆ ಇಲ್ಲದೆ ನಲ್ಲಿಯ ವಾಷರ್ ಕೂಡ ಬದಲಾಗಿದ್ದಿಲ್ಲ. ಮನೆಯಲ್ಲಿ ಒಬ್ಬರೇ, ಆದ್ದರಿಂದ ಸಲಹೆಯೆಲ್ಲಾ ಹೊರಗಡೆಯೇ ಖರ್ಚಾಗಬೇಕು. ಪ್ಯಾಂಟು ಒಯ್ಯಲು ಬಂದವರು ಪರದೆಯ ಮರೆಯಲ್ಲಿ ಅದನ್ನು ತೊಟ್ಟು ಈಚೆ ಬಂದು ಕನ್ನಡಿಯ ಮುಂದೆ ನಿಂತರು. ನಲವತ್ತು ಇಂಚಿನ ಕಾಲು, ಮೂವತ್ತು ಇಂಚಿನ ಪ್ಯಾಂಟು. ಉಳಿದ ಕಾಲು ಗಾಳಿಗೆ ಆರಾಮವಾಗಿತ್ತು.

"ಏನಯ್ಯಾ ಇದು?"

ದರ್ಜಿ ಬಟ್ಟೆ ಕುಗ್ಗಿದೆ ಅಂದ, ಟೇಪು ಹಳೆಯದು ಅಂದ, ಸಾಹೇಬರೇ ಬೆಳೆದಿರಬಹುದು ಅಂದ. ಸಾಹೇಬರು ಅಷ್ಟಕ್ಕೆಲ್ಲಾ ಬಿಡುವವರಲ್ಲ. ಹೆಂಡತಿಗೆ ಕೊಟ್ಟ ಮಾತು ಐದು ನಿಮಿಷವೂ ನಿಲ್ಲಲಿಲ್ಲ. ಹಡಗು, ಕ್ಯಾಬಿನ್, ನಲವತ್ತು, ಮೂವತ್ತು ಎಲ್ಲವನ್ನೂ ಕಕ್ಕಿಬಿಟ್ಟ. ಯಾರಿಗೂ ಹೇಳಬೇಡಿ ಸಾರ್ ಎಂದು ಕೈಯನ್ನೂ ಮುಗಿದ.

ಬೈಗುಳ ಬೀಳುವುದೆಂದು ಕಾದಿದ್ದವನಿಗೆ ಸಾಹೇಬರ ಕಣ್ಣಲ್ಲಿ ಹೊಳಪು ಕಂಡಿತು. ಇಷ್ಟು ದೊಡ್ಡ ಸಲಹೆಗೆ ಅವಕಾಶ ಅವರಿಗೆ ವರ್ಷಗಳಿಂದ ಸಿಕ್ಕಿರಲಿಲ್ಲ.

"ಪ್ಯಾಂಟು ಹಾಳಾಗಿ ಹೋಗ್ಲಿ ಬಿಡು. ನಿನ್ನ ಫೋನಲ್ಲಿ ನೀನೇ ನೋಡ್ತಾ ಕೂತ್ರೆ ದರ ಎಲ್ಲಿ ಇಳಿಯುತ್ತೆ? ಇವನಿಗೆ ಆಸೆ ಇದೆ ಅಂತ ಅವರಿಗೆ ಗೊತ್ತಾಗಲ್ವಾ? ಬೇರೆಯವರ ಫೋನಲ್ಲಿ ನೋಡಿಸ್ಬೇಕು ಕಣಯ್ಯಾ."

ಹಾಗೆಂದವರೇ ಅದೇ ಪ್ಯಾಂಟಿನಲ್ಲಿ ಬೀದಿಗಿಳಿದರು. ಮೊದಲು ಬಂದವಳು ಎದುರಿನ ಬೇಕರಿ ಅಕ್ಕ, ಹಿಟ್ಟು ಮೆತ್ತಿದ ಕೈಯಲ್ಲೇ ಫೋನು ಹಿಡಿದು. ಅವಳ ಹಿಂದೆ ಹಲ್ಲಿನ ಡಾಕ್ಟರು, ಮುಖಕ್ಕೆ ಕಟ್ಟಿದ ಬಟ್ಟೆ ಬಿಚ್ಚದೆ. ಬಾಯಿ ತೆರೆಸಿ ಕೂರಿಸಿದ್ದ ರೋಗಿಯ ಕೈಗೂ ಫೋನು ಕೊಟ್ಟು, ನೋಡುತ್ತಿರಲು ಹೇಳಿ ಬಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಪ್ರತಿ ಮನೆಯಲ್ಲೂ ಆ ಹಡಗು ತೇಲುತ್ತಿತ್ತು. ದರ ನಲವತ್ತೆರಡಾಯಿತು.

ಇಷ್ಟೊಂದು ಜನ ಆಸೆಯಿಂದ ನೋಡಿದ್ದೇ ತಪ್ಪಾಯಿತು ಎಂದು ಸಾಹೇಬರು ತೀರ್ಪು ಕೊಟ್ಟರು. ಇನ್ನು ಮೇಲೆ ತಿರಸ್ಕಾರದಿಂದ ನೋಡಬೇಕು. ಪುಟ ತೆರೆದು, ದರ ಓದಿ, ಛೆ ಎಂದು ಫೋನನ್ನು ಮಗುಚಿಹಾಕಬೇಕು. ಅಂಗಡಿಯ ಮುಂದೆ ಸಾಲಾಗಿ ನಿಂತು ಎಲ್ಲರೂ ಹಾಗೇ ಮಾಡಿದರು. ಛೆ, ಛೆ, ಛೆ. ಬೇಕರಿ ಅಕ್ಕನಂತೂ ಆ ಹಡಗು ಹಳಸಿದೆಯೇನೋ ಎನ್ನುವಂತೆ ಮೂಗು ಮುಚ್ಚಿಕೊಂಡಳು. ದರ ನಲವತ್ತೈದಾಯಿತು.

ದರ್ಜಿ ತನ್ನ ನಲವತ್ತನ್ನು ಕಟ್ಟಿ ಬಾಗಿಲು ಹಾಕಿಕೊಳ್ಳುತ್ತೇನೆ ಎಂದ. ಸಾಹೇಬರು ಆಗಲೇ ಅವನ ಫೋನು ಕಿತ್ತುಕೊಂಡು ಕಂಪನಿಯವರಿಗೇ ಕರೆ ಮಾಡಿ, ತಾನೇ ದರ್ಜಿ ಎಂದು ಹೇಳಿ ಅರ್ಧ ಗಂಟೆ ಜಗಳವಾಡಿದರು. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ಬೀದಿಗೆಲ್ಲಾ ಕೇಳುವಂತೆ ವಿವರಿಸಿದರು. ಒಬ್ಬೊಬ್ಬರಾಗಿ ಕೇಳಿದರೆ ಇಳಿಸುವುದಿಲ್ಲವಂತೆ. ಒಂದೇ ಗುಂಪಾಗಿ ಹತ್ತು ಕ್ಯಾಬಿನ್ ತೆಗೆದುಕೊಂಡರೆ ತಲೆಗೆ ಮೂವತ್ತೇ ಅಂತೆ. ಗುಂಪಿನ ಮುಖ್ಯಸ್ಥನಾಗಿ ಮೊದಲು ಬುಕ್ ಮಾಡಿದವನಿರಬೇಕು, ಅವನು ಬಿಟ್ಟರೆ ಎಲ್ಲರ ದರವೂ ಮೇಲೆ ಹೋಗುತ್ತದೆ. ದುಡ್ಡು ವಾಪಸಿಲ್ಲ, ಆಮೇಲೆ ದರ ಇಳಿದರೂ ಗುಂಪಿಗೆ ಇಳಿಸುವುದಿಲ್ಲ. ಕ್ಯಾಬಿನ್ನಿನಲ್ಲಿರುವ ಜೊತೆಯವರ ಹೆಸರು ಮಾತ್ರ ಯಾವಾಗ ಬೇಕಾದರೂ ಬದಲಾಯಿಸಬಹುದು.

"ಒಪ್ಪಿಗೆನಾ?" ಎಂದರು.

ದರ್ಜಿಯ ಕಿವಿಗೆ ಮೂವತ್ತು ಒಂದೇ ಬಿದ್ದಿತ್ತು. ಬೆಳಗಿನಿಂದ ಜಪಿಸಿದ ಸಂಖ್ಯೆ ಬಾಗಿಲಿಗೇ ಬಂದು ನಿಂತಿತ್ತು. ತಲೆಯಾಡಿಸಿದ.

ಮುಂದಿನದ್ದು ಕಣ್ಣೆದುರಿಗೇ ನಡೆದುಹೋಯಿತು. ದಿನವಿಡೀ ಹಡಗಿನ ಚಿತ್ರ ನೋಡಿ ನೋಡಿ ಬೀದಿಗೆಲ್ಲಾ ಸಮುದ್ರದ ಹುಚ್ಚು ಹತ್ತಿತ್ತು. ಬೇಕರಿ ಅಕ್ಕ ಗಂಡನನ್ನು ಕೇಳದೆಯೇ ಒಂದು ಕ್ಯಾಬಿನ್ ತೆಗೆದುಕೊಂಡಳು. ಡಾಕ್ಟರು ತಮಗೊಂದು, ಮಾವನವರಿಗೊಂದು. ಮಹಡಿ ಮನೆಯವರು, ಪಕ್ಕದ ಮನೆಯವರು, ಮೂಲೆ ಮನೆಯವರು. ಕಂಪನಿಯ ಕಚೇರಿ ಮುಚ್ಚುವ ಮೊದಲೇ ಹತ್ತೂ ಭರ್ತಿಯಾದವು. ಸಾಹೇಬರು ಮಾತ್ರ ತೆಗೆದುಕೊಳ್ಳಲಿಲ್ಲ. ಒಂಟಿಯಾಗಿ ಹೋದರೆ ಇಬ್ಬರ ದರ ಕಟ್ಟಬೇಕಂತೆ, ಅನ್ಯಾಯ ಎಂದರು.

ಅಷ್ಟರಲ್ಲಿ ಫೋನಿನಲ್ಲಿ ನಿಯಮಗಳನ್ನು ಓದುತ್ತಿದ್ದ ಡಾಕ್ಟರು, ಒಂದು ರಾತ್ರಿ ಕ್ಯಾಪ್ಟನ್ ಜೊತೆ ಊಟವಿದೆ, ಕೋಟಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ ಎಂದು ಸಾರಿದರು. ಎಲ್ಲರ ಕುತ್ತಿಗೆಯೂ ದರ್ಜಿಯ ಕಡೆ ತಿರುಗಿತು.

"ಅಷ್ಟು ಕೋಟು ಹೊರಡೋದ್ರೊಳಗೆ ಆಗಲ್ಲ ಸಾರ್" ಎಂದ ದರ್ಜಿ.

"ಇಲ್ಲಿ ಯಾಕೆ ಮುಗಿಸ್ಬೇಕು? ಮಿಷನ್ನು ಹಡಗಿಗೇ ತಗೊಂಡು ಬಾ. ಏಳು ದಿನ ಸಮುದ್ರದಲ್ಲಿ ನಿನಗೆ ಬೇರೇನು ಕೆಲಸ?" ಎಂದರು ಡಾಕ್ಟರು. ಬೇಕರಿ ಅಕ್ಕ ತನ್ನ ಅಳತೆಯನ್ನು ಆಗಲೇ ಹೇಳತೊಡಗಿದ್ದಳು.

ಹೆಂಡತಿ ಹೊಸ ಚಪ್ಪಲಿಯ ಡಬ್ಬಿ ಹಿಡಿದು ಬಂದಾಗ ಬೀದಿಯೆಲ್ಲಾ ಅವಳನ್ನು ಮುತ್ತಿ ಅಭಿನಂದಿಸಿತು. ನಾವೂ ಬರ್ತೀವಿ ಅಕ್ಕಾ, ನಮ್ಮ ಕ್ಯಾಬಿನ್ ನಿಮ್ಮ ಪಕ್ಕದ್ದೇ, ಬೇಜಾರಾದ್ರೆ ಬಾಗಿಲು ತಟ್ತೀವಿ ಎಂದರು. ಅವಳು ಎಲ್ಲರಿಗೂ ನಕ್ಕು ಒಳಗೆ ಹೋದಳು. ದರ್ಜಿ ಹಿಂದೆಯೇ ಹೋಗಿ ಪರದೆ ಎಳೆದು, ಬಿಸಿ ಇಸ್ತ್ರಿಪೆಟ್ಟಿಗೆಯ ಪಕ್ಕ ನಿಂತವನ ಹಾಗೆ ಬೆವರುತ್ತಾ ನಡೆದದ್ದನ್ನೆಲ್ಲಾ ಒಪ್ಪಿಸಿದ. ಉಳಿತಾಯದ ಲೆಕ್ಕವನ್ನೂ ಹೇಳಲು ಹೋಗಿ, ಅವಳ ಮುಖ ನೋಡಿ ಅರ್ಧಕ್ಕೇ ಬಿಟ್ಟ. ಅವನಿಗೆ ನಿಜವಾಗಿಯೂ ಅಳು ಬಂದಿತ್ತು.

ಅವಳು ಬೈಯಲಿಲ್ಲ. ಒಂದೇ ವಿಷಯ ಕೇಳಿದಳು.

"ಬೀದಿಯವರೆಲ್ಲಾ ಹೋಗ್ತಾರಾ?"

"ಎಲ್ಲಾ."

"ಮಹಡಿ ಮನೆಯವರೂ?"

"ಅವರೂ. ಸಾಹೇಬರೊಬ್ಬರು ಬಿಟ್ಟು."

ಅವಳು ಸೂಟ್‌ಕೇಸ್ ತೆರೆದು ತನ್ನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಕಪಾಟಿನಲ್ಲಿಟ್ಟಳು. ಖಾಲಿಯಾದ ಜಾಗದಲ್ಲಿ ಅವನ ಕತ್ತರಿ, ಟೇಪು, ಸೀಮೆಸುಣ್ಣದ ಡಬ್ಬಿ ಜೋಡಿಸಿದಳು.

"ನೀವು ಹೋಗಿ ಬನ್ನಿ. ನಾನು ಮನೇಲಿರ್ತೀನಿ. ಏಳು ದಿನ ಈ ಬಾಗಿಲು ತಟ್ಟೋಕೆ ಯಾರೂ ಇರಲ್ಲ. ಜೊತೆಗೆ ಬೇಕಾದ್ರೆ ಸಾಹೇಬ್ರನ್ನೇ ಕರ್ಕೊಂಡು ಹೋಗಿ, ಅವರೊಬ್ಬರು ಯಾಕೆ ಉಳೀಬೇಕು?"

ಪರದೆ ತಾನಾಗಿ ಸರಿಯಿತು. ಸಲಹೆ ಸಾಹೇಬರು ಅಲ್ಲೇ ನಿಂತಿದ್ದರು, ಗಾಳಿಗೆ ತೆರೆದ ಕಾಲುಗಳ ಮೇಲೆ. ಹೆಸರು ಬದಲಾಯಿಸುವ ವಿಷಯವನ್ನು ತಾನು ಈಗಲೇ ಮಾತಾಡುತ್ತೇನೆ, ಕಿಟಕಿ ಪಕ್ಕದ ಮಂಚ ಮಾತ್ರ ತನಗಿರಲಿ, ರಾತ್ರಿ ಮಿಷನ್ನು ತುಳಿಯುವುದಿದ್ದರೆ ಹೊರಗೆ ತುಳಿಯಬೇಕು ಎಂದರು. ಹೆಂಡತಿ ಹೊಸ ಚಪ್ಪಲಿ ಮೆಟ್ಟಿ ಅಡುಗೆಮನೆಯೊಳಗೆ ಒಂದು ಸುತ್ತು ನಡೆದು ನೋಡಿದಳು. ಬಹಳ ದಿನಗಳ ಮೇಲೆ ಏನನ್ನೋ ಗುನುಗಿಕೊಳ್ಳುತ್ತಿದ್ದಳು.

ದರ್ಜಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದು ಕೂತ. ಇನ್ನು ನೋಡಿ ಮಾಡುವುದೇನೂ ಇರಲಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ, ಫೋನು ತೆಗೆದು ಇನ್ನೊಂದು ಸಲ ನೋಡಿದ.

ದರ ಇಪ್ಪತ್ತೈದಕ್ಕೆ ಇಳಿದಿತ್ತು.